ಇಗತಪುರಿಯ ಬೆಟ್ಟಗಳು ಮತ್ತು ನಿಮ್ಮ ಜೇಬು



‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಿಮ್ಮ ಅಜ್ಜಿಯರ ಬಾಯಲ್ಲಿ ಕೇಳಿರುತ್ತೀರಿ. ನಾಶಿಕದಲ್ಲಿ ಹುಟ್ಟಿ ಬೆಳೆದ ನಿಮಗೆ ಬೆಟ್ಟ ದೂರದ್ದೇನೂ ಅಲ್ಲ. ನಾಶಿಕ್ ರೋಡಿನಲ್ಲಿ ರೈಲು ಹತ್ತಿದರೆ ಸುಮಾರು 50 ಕಿಲೋಮೀಟರಿಗೆ ಇಗತಪುರಿ ಬಂದೇಬಿಡುತ್ತದೆ. ಮುಂಬಯಿಯ ಕಡೆಯವರಿಗೂ ಈಗ ದಾರಿ ಸಲೀಸು. ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗ, ಅಂದರೆ ಇಗತಪುರಿಯಿಂದ ಆಮಣೆಯವರೆಗಿನ 76 ಕಿಲೋಮೀಟರ್, 2025ರ ಜೂನ್ ತಿಂಗಳಲ್ಲಿ ತೆರೆಯಿತು. ಆದರೂ ನಮ್ಮ ಸಂಘದ ಎಷ್ಟೋ ಮಕ್ಕಳು ಇಗತಪುರಿಯನ್ನು ರೈಲಿನ ಕಿಟಕಿಯಿಂದ ಮಾತ್ರ ಕಂಡಿದ್ದಾರೆ. ಯಾಕೆಂದು ಕೇಳಿದರೆ ಪರೀಕ್ಷೆ, ಕ್ಲಾಸು ಎನ್ನುತ್ತಾರೆ. ಎಲ್ಲರ ಕಾರಣವೂ ಅದಲ್ಲ ಎಂದು ನನಗೆ ಗೊತ್ತು. ಅದಕ್ಕೇ ಈ ಲೇಖನ.

ಕಳೆದ ಮಳೆಗಾಲದ ಕೊನೆಗೆ ನಮ್ಮ ಯುವಕ ಯುವತಿಯರು ಕಳಸೂಬಾಯಿ ಚಾರಣಕ್ಕೆ ಹೊರಟರು. ಉತ್ಸಾಹದ ಹುಡುಗನೊಬ್ಬ ತರಬೇಕಾದ ಸಾಮಾನಿನ ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದ. ನೀರು ಒಳಬಾರದ ಬೂಟು, ನೀರು ಒಳಬಾರದ ಜಾಕೀಟು, ಸೊಂಟಪಟ್ಟಿಯ ಬೆನ್ನುಚೀಲ, ಎರಡು ಲೋಹದ ಕೋಲು, ಬೇಗ ಒಣಗುವ ಪ್ಯಾಂಟು ಹೀಗೆ. ದಿನಸಿ ಚೀಟಿ ಕೂಡಿಸಿ ಅಭ್ಯಾಸವಿರುವ ನಾನು ಅದನ್ನೂ ಕೂಡಿಸಿ ನೋಡಿದೆ. ಹದಿನಾಲ್ಕು ಸಾವಿರ ರೂಪಾಯಿ ದಾಟಿತು. ಮಾರನೆಯ ದಿನ ಮೂವರು ಹೆಸರು ಹಿಂದಕ್ಕೆ ಪಡೆದರು. ಒಬ್ಬನಿಗೆ ಜ್ವರ, ಒಬ್ಬಳಿಗೆ ಅತ್ತೆಯ ಮನೆಯ ಪೂಜೆ, ಇನ್ನೊಬ್ಬನಿಗೆ ಟ್ಯೂಷನ್. ಆಮೇಲೆ ಆ ಮೂವರಲ್ಲಿ ಒಬ್ಬರ ತಾಯಿ ಮೆಲ್ಲಗೆ ನನಗೆ ಹೇಳಿದರು: ‘ಕಾಕು, ಅವನಿಗೆ ಏನೂ ಆಗಿಲ್ಲರೀ. ಬೂಟಿಗೆ ದುಡ್ಡು ಕೇಳಲಿಕ್ಕೆ ಅವನಿಗೇ ಮನಸ್ಸು ಬರಲಿಲ್ಲ.’

ಈ ಮಾತು ಇನ್ನೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಮನೆಯ ಸ್ಥಿತಿ ಅರಿತು ಸುಮ್ಮನಾದ ಆ ಹುಡುಗನ ಬಗ್ಗೆ ನನಗೆ ಹೆಮ್ಮೆ. ಆದರೆ ಬೆಟ್ಟ ಅವನ ಕೈತಪ್ಪಬೇಕಾಗಿರಲಿಲ್ಲ. ಆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಸಾಮಾನು ಇಗತಪುರಿಗೆ ಬೇಕಾಗಿಯೇ ಇಲ್ಲ. ಏನು ಕೊಳ್ಳಬೇಕು, ಏನು ಕೇಳಿ ಪಡೆಯಬೇಕು, ಏನನ್ನು ಮನೆಯಲ್ಲೇ ಹುಡುಕಬೇಕು, ಯಾವುದರಲ್ಲಿ ಒಂದು ರೂಪಾಯಿಯನ್ನೂ ಉಳಿಸಬಾರದು, ಇದನ್ನು ತಿಳಿದರೆ ಸಾಕು.

ಇದೂ ನಮ್ಮ ಸಹ್ಯಾದ್ರಿಯೇ

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಇಗತಪುರಿ ನಾಶಿಕ ಜಿಲ್ಲೆಯ ತಾಲ್ಲೂಕು ಕೇಂದ್ರ, ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕೊಂಕಣದ ಕಡೆಯಿಂದ ಬಂದ ಮೋಡಗಳು ಇಲ್ಲಿ ಘಟ್ಟಕ್ಕೆ ಬಡಿದು ಸುರಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣ್ಣು ಹಾಯಿಸಿದಲ್ಲೆಲ್ಲ ಭತ್ತದ ಗದ್ದೆ, ಬೆಟ್ಟದ ಮೈಮೇಲೆಲ್ಲ ಬಿಳಿಯ ಜಲಪಾತಗಳು. 1976ರಿಂದ ಇಲ್ಲಿರುವ ಧಮ್ಮಗಿರಿಯ ವಿಪಶ್ಯನ ಕೇಂದ್ರಕ್ಕೆ ದೇಶ ವಿದೇಶಗಳಿಂದ ಜನ ಬಂದು ಹತ್ತು ದಿನ ಮೌನವಾಗಿ ಕೂರುತ್ತಾರೆ. ನೀವು ಮೌನವಾಗಿ ಕೂರುವುದು ಕಷ್ಟ, ಅದಕ್ಕೆ ನಿಮಗೆ ಬೆಟ್ಟವೇ ಸರಿ!

ಈ ಬೆಟ್ಟಗಳು ಪರರವು ಎಂದು ತಿಳಿಯಬೇಡಿ. ಇದೇ ಸಹ್ಯಾದ್ರಿ ದಕ್ಷಿಣಕ್ಕೆ ಸಾಗಿ ಕೊಡಚಾದ್ರಿ, ಕುದುರೆಮುಖ, ಮುಳ್ಳಯ್ಯನಗಿರಿಗಳಾಗುತ್ತದೆ. ಇಲ್ಲಿನ ಎತ್ತರದ ಶಿಖರ ಕಳಸೂಬಾಯಿ 1,646 ಮೀಟರ್, ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮಹಾರಾಷ್ಟ್ರದ ಅಕ್ಕ ಸ್ವಲ್ಪ ಕುಳ್ಳಿ, ಅಷ್ಟೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಿ. ಇಗತಪುರಿಯ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರ ಪದರವಾಗಿ ಗಟ್ಟಿಯಾದ ಕಪ್ಪು ಬಸಾಲ್ಟ್. ಒಣಗಿದಾಗ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿತೆಂದರೆ ಬಚ್ಚಲು ಮನೆಯ ಕಲ್ಲಿಗಿಂತ ಮೋಸ. ನಿಮ್ಮ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಈ ಕಲ್ಲೇ ತೀರ್ಮಾನಿಸುತ್ತದೆ.

ಮೊದಲು ಕಾಲು, ಆಮೇಲೆ ಮಿಕ್ಕಿದ್ದು

ನಿಮ್ಮಲ್ಲಿ ಇರುವುದು ಎರಡು ಸಾವಿರ ರೂಪಾಯಿಯಾದರೆ ಅದರ ಬಹುಭಾಗವನ್ನು ಬೂಟಿಗೆ ಹಾಕಿ. ಹೆಸರಾಂತ ಕಂಪನಿಯದ್ದೇ ಆಗಬೇಕಿಲ್ಲ. ಅಂಗಡಿಯಲ್ಲಿ ಬೂಟನ್ನು ತಿರುಗಿಸಿ ಅಟ್ಟೆ ನೋಡಿ. ರಬ್ಬರು ಮೆತ್ತಗಿದ್ದು, ಗೀರುಗಳು ಆಳವಾಗಿ ಒಂದಕ್ಕೊಂದು ದೂರವಾಗಿರಬೇಕು, ಆಗ ಕೆಸರು ಅಂಟಿ ಕೂರುವುದಿಲ್ಲ. ಓಡುವವರ ಬೂಟಿನ ನುಣುಪಾದ ಅಟ್ಟೆ ಊರ ರಸ್ತೆಗೆ ಚೆನ್ನ, ಒದ್ದೆ ಬಸಾಲ್ಟಿಗಲ್ಲ. ಸಾವಿರದಿಂದ ಸಾವಿರದೈನೂರರ ಒಳಗೆ ನಮ್ಮ ಪೇಟೆಗಳಲ್ಲಿ ಸಾಕಷ್ಟು ಒಳ್ಳೆಯ ದೇಶೀ ಬೂಟು ಸಿಗುತ್ತವೆ. ಅದೂ ಹೆಚ್ಚೆನಿಸಿದರೆ ದೇವಳಾಲಿಯಂಥ ಕಂಟೋನ್ಮೆಂಟ್ ಊರಿನ ಅಂಗಡಿಗಳಲ್ಲಿ ಹಂಟರ್ ಬೂಟು ಕೇಳಿ. ಕ್ಯಾನ್ವಾಸ್ ಬಟ್ಟೆ, ರಬ್ಬರ್ ಅಟ್ಟೆ, ಕೆಲವೇ ನೂರು ರೂಪಾಯಿ. ಹಿಡಿತ ಚೆನ್ನಾಗಿರುತ್ತದೆ. ಆದರೆ ಒಳಗೆ ಮೆತ್ತೆಯಿಲ್ಲದ ಕಾರಣ ದಪ್ಪ ಕಾಲುಚೀಲ ಬೇಕೇ ಬೇಕು.

‘ನೀರು ಒಳಬಾರದ ಬೂಟು’ ಎಂಬ ಆಸೆಯನ್ನು ಇಗತಪುರಿಯ ಮಳೆಗಾಲದಲ್ಲಿ ಬಿಟ್ಟುಬಿಡಿ. ದಾರಿಯಲ್ಲಿ ಹಳ್ಳ ದಾಟುವಾಗ ನೀರು ಬೂಟಿನ ಬಾಯಿಯಿಂದಲೇ ಒಳಗೆ ಬರುತ್ತದೆ. ಆಮೇಲೆ ಒಳಬಾರದ ಬೂಟಿನಿಂದ ನೀರು ಹೊರಗೂ ಹೋಗುವುದಿಲ್ಲ! ಬೇಗ ನೀರು ಸೋರಿಹೋಗುವ ಬಟ್ಟೆಯ ಬೂಟು, ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇದ್ದರೆ ಅದೇ ಜಾಣತನ.

ಬೂಟನ್ನು ಸಂಜೆಯ ಹೊತ್ತು ಕೊಳ್ಳಿ. ದಿನವಿಡೀ ನಡೆದ ಕಾಲು ಆಗ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಊದುತ್ತದೆ. ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ನಾಲ್ಕು ಸಲ ಇಳಿಯಿರಿ. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ತಾಗಿದರೆ ಆ ಬೂಟು ಬೇಡ. ಕಳಸೂಬಾಯಿಯಿಂದ ಇಳಿದು ಬಂದವರ ಕಪ್ಪಾದ ಉಗುರು ನೋಡಿದವರಿಗೆ ಇದರ ಬೆಲೆ ಗೊತ್ತು. ಹೊಸ ಬೂಟು ಹಾಕಿ ಎರಡು ವಾರ ಹಾಲು ತರಕಾರಿ ತರಲು ಹೋಗಿ. ಕಾಲಿಗೂ ಅಭ್ಯಾಸ, ಅಮ್ಮನಿಗೂ ಸಂತೋಷ.

ಅಣ್ಣನ, ಕಾಕಾನ ಹಳೆಯ ಬೂಟು ಸಿಕ್ಕರೆ ಸಂಕೋಚವಿಲ್ಲದೆ ಹಾಕಿಕೊಳ್ಳಿ. ಆದರೆ ಒಂದು ಪರೀಕ್ಷೆ ಮಾಡಿ. ಅಟ್ಟೆಗೂ ಮೇಲ್ಭಾಗಕ್ಕೂ ನಡುವೆ ಮೆತ್ತನೆಯ ಪದರವೊಂದಿರುತ್ತದೆ. ಅನೇಕ ಬೂಟುಗಳಲ್ಲಿ ಅದು ಪಾಲಿಯುರಿಥೇನ್ ಎಂಬ ವಸ್ತು. ನಮ್ಮ ತೇವದ ಹವೆಯಲ್ಲಿ ಹಲವು ವರ್ಷ ಕಪಾಟಿನಲ್ಲಿ ಸುಮ್ಮನೆ ಕೂತರೆ ಅದು ಒಳಗಿಂದೊಳಗೇ ಸಡಿಲಾಗಿ ಪುಡಿಯಾಗುತ್ತದೆ. ನೋಡಲು ಹೊಸದರಂತೆ ಇರುತ್ತದೆ, ಬೆಟ್ಟದ ಅರ್ಧದಲ್ಲಿ ಅಟ್ಟೆ ಕಿತ್ತು ಬರುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಬೂಟನ್ನು ಬಾಗಿಸಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ ಅದು ಯಾರ ಪ್ರೀತಿಯ ಉಡುಗೊರೆಯಾದರೂ ಬೇಡ.

ಮನೆಯಲ್ಲೇ ಇರುವ ಸಾಮಾನು

ಬಟ್ಟೆಗೆ ಹಣ ಖರ್ಚು ಮಾಡಬೇಡಿ. ಜೀನ್ಸ್ ಮಾತ್ರ ಬೇಡ. ನೆನೆದರೆ ಕಲ್ಲಿನಷ್ಟು ಭಾರ, ಸಂಜೆಯಾದರೂ ಒಣಗದು. ದಪ್ಪ ಹತ್ತಿಯ ಅಂಗಿಯೂ ಹಾಗೆಯೇ. ನಿಮ್ಮ ಕಾಲೇಜಿನ ಆಟದ ಪಾಲಿಯೆಸ್ಟರ್ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಇದ್ದರೆ ಅದೇ ಚಾರಣದ ಉಡುಪು. ಚಳಿಗೆ ಅಜ್ಜಿ ಹೆಣೆದ ಉಣ್ಣೆಯ ಸ್ವೆಟರು. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿಗೆ ಆ ಗುಣವಿಲ್ಲ.

ಇಗತಪುರಿಯ ಗದ್ದೆಗಳಲ್ಲಿ ಸಸಿ ನೆಡುವ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಬಿದಿರು ಎಲೆಗಳ ಹೊದಿಕೆಯೊಂದನ್ನು ಹಾಕಿಕೊಳ್ಳುತ್ತಾರೆ. ಮರಾಠಿಯಲ್ಲಿ ಅದು ‘ಇರಲೆ’. ಮಲೆನಾಡಿನ ಮನೆಯವರು ಕಂಡರೆ ‘ಅರೆ, ನಮ್ಮ ಗೊರಬು!’ ಎಂದಾರು. ಬಾಗಿ ದುಡಿಯುವಾಗ ಎರಡೂ ಕೈ ಬಿಡುವಾಗಿರಬೇಕು ಎಂಬ ಒಂದೇ ಯೋಚನೆಯಿಂದ ಎರಡೂ ಕಡೆಯ ರೈತರು ಒಂದೇ ಉಪಾಯ ಕಂಡುಕೊಂಡರು. ನಿಮಗೂ ಅದೇ ಪಾಠ. ಬೆಟ್ಟದ ಗಾಳಿಗೆ ಕೊಡೆ ಹಿಡಿಯಬೇಡಿ, ಕೈ ಖಾಲಿ ಇರಲಿ. ಸುಮಾರು ಐನೂರು ರೂಪಾಯಿಯ ಸಾದಾ ರೇನ್‌ಕೋಟು ಸಾಕು. ಬೆವರು ಒಳಗೇ ನಿಲ್ಲುತ್ತದೆ, ನಿಜ. ಆದರೆ ಏರುವಾಗ ನೀವು ಹೇಗೂ ನೆನೆಯುತ್ತೀರಿ. ಮೇಲೆ ನಿಂತಾಗ ಗಾಳಿ ತಡೆಯುವುದಕ್ಕೆ ಅದು ಬೇಕು.

ಬೆನ್ನುಚೀಲಕ್ಕೆ ಶಾಲೆಯ ಚೀಲವೇ ಆದೀತು, ಒಂದು ದಿನದ ಚಾರಣಕ್ಕೆ 20ರಿಂದ 30 ಲೀಟರ್ ಜಾಗ ಧಾರಾಳ. ಹೊರಗಿನಿಂದ ಹೊದಿಕೆ ಹಾಕುವುದಕ್ಕಿಂತ ಒಳಗೆ ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹರಡಿ, ಅದರೊಳಗೆ ಸಾಮಾನಿಟ್ಟು ಬಾಯಿ ತಿರುಚಿ ಕಟ್ಟಿ. ಲೋಹದ ಕೋಲಿನ ಬದಲು ಎದೆಮಟ್ಟದ ಬಿದಿರ ಕೋಲು ಸಾಕು. ಊಟಕ್ಕೆ ಅಂಗಡಿಯ ‘ಎನರ್ಜಿ ಬಾರ್’ ಏಕೆ? ಶೇಂಗಾ ಚಿಕ್ಕಿಯೂ ಅದೇ ಅಲ್ಲವೇ? ಚಪಾತಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಒಂದೆರಡು ಬಾಳೆಹಣ್ಣು ಇರಲಿ. ಖಡಕ್ ರೊಟ್ಟಿ ಚೀಲದಲ್ಲಿ ಪುಡಿಯಾದರೂ ರುಚಿ ಕೆಡುವುದಿಲ್ಲ.

ಉಳಿತಾಯ ಬೇಡವಾದ ಸ್ಥಳ

ಗೃಹಿಣಿಯಾಗಿ ನಾನು ಎಲ್ಲದರಲ್ಲೂ ಉಳಿತಾಯ ಹೇಳಬಲ್ಲೆ. ಆದರೆ ಮನೆಯಲ್ಲೂ ಗ್ಯಾಸಿನ ಕೊಳವೆಯಲ್ಲಿ ಉಳಿತಾಯ ಮಾಡುವುದಿಲ್ಲ. ಬೆಟ್ಟದಲ್ಲಿ ಅಂಥ ಸಾಮಾನು ಐದು: ತಲೆಗೆ ಕಟ್ಟುವ ಟಾರ್ಚು, ಕನಿಷ್ಠ ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು ಔಷಧಿಯ ಚಿಕ್ಕ ಡಬ್ಬಿ, ಒಂದು ಸೀಟಿ. ಎಲ್ಲಾ ಸೇರಿ ಐನೂರು ರೂಪಾಯಿಯೊಳಗೆ ಮುಗಿಯುತ್ತದೆ. ‘ಸಂಜೆಯೊಳಗೆ ಇಳಿಯುತ್ತೇವೆ, ಟಾರ್ಚು ಯಾಕೆ?’ ಎನ್ನಬೇಡಿ. ಒಬ್ಬರ ಕಾಲು ಉಳುಕಿದರೆ ಎರಡು ಗಂಟೆಯ ಇಳಿತ ಐದು ಗಂಟೆಯಾಗುತ್ತದೆ. ಮೊಬೈಲಿನ ಬೆಳಕು ಬ್ಯಾಟರಿ ತಿನ್ನುತ್ತದೆ, ಆ ಬ್ಯಾಟರಿ 112ಕ್ಕೆ ಕರೆ ಮಾಡಲು ಉಳಿಯಬೇಕು. ಮಂಜು ಕವಿದಾಗ ಕೂಗಿದ ದನಿ ಗಾಳಿಗೆ ಹೋಗುತ್ತದೆ, ಸೀಟಿಯ ಸದ್ದು ದೂರ ತಲುಪುತ್ತದೆ.

ಈಗ ಲೆಕ್ಕ ಹಾಕಿ. ಬೂಟು 1,500, ರೇನ್‌ಕೋಟು 500, ಎರಡು ಜೊತೆ ಕಾಲುಚೀಲ 300, ಈ ಐದು ಸಾಮಾನು 500. ಒಟ್ಟು 2,800 ರೂಪಾಯಿ. ಹದಿನಾಲ್ಕು ಸಾವಿರ ಎಲ್ಲಿ, ಇದೆಲ್ಲಿ! ಹಂಟರ್ ಬೂಟು ಕೊಂಡರೆ ಎರಡು ಸಾವಿರದ ಒಳಗೇ ಬರುತ್ತದೆ.

ಎಲ್ಲಿಂದ ಆರಂಭ?

ಹೊಸಬರು ನೇರವಾಗಿ ಕಳಸೂಬಾಯಿಗೆ ಹೋಗಬೇಡಿ. ಇಗತಪುರಿಯ ಹತ್ತಿರವೇ ತ್ರಿಂಗಲವಾಡಿ ಕೋಟೆಯಿದೆ. ದೂರದಿಂದ ನೋಡಿದರೆ ಬೆಟ್ಟ ಪೇಟ ಸುತ್ತಿದಂತೆ ಕಾಣುತ್ತದೆ. ಬುಡದ ಹಳ್ಳಿಯ ಬಳಿ ಕೆರೆ, ಬೆಟ್ಟದ ತಳದಲ್ಲಿ ಕಲ್ಲಿನಲ್ಲಿ ಕೊರೆದ ಹಳೆಯ ಜೈನ ಗುಹೆ. ಶ್ರವಣಬೆಳಗೊಳದ ನಾಡಿನವರಾದ ನಾವು ಅಲ್ಲಿ ಒಂದು ಕ್ಷಣ ನಿಲ್ಲದೆ ಹೋಗಬಾರದು. ಮೇಲೆ ಬಂಡೆಯಲ್ಲಿ ಕಡಿದ ಮೆಟ್ಟಿಲು, ಬಾಗಿಲ ಬಳಿ ಬಂಡೆಯಲ್ಲೇ ಕೆತ್ತಿದ ಹನುಮಂತ. ಆತುರವಿಲ್ಲದೆ ಅರ್ಧ ದಿನದಲ್ಲಿ ಹತ್ತಿ ಇಳಿಯಬಹುದು. ಬೂಟು ಕಚ್ಚುತ್ತದೆಯೇ, ಚೀಲದ ಪಟ್ಟಿ ಹೆಗಲನ್ನು ಕೊರೆಯುತ್ತದೆಯೇ, ನೀರು ಎಷ್ಟು ಬೇಕಾಗುತ್ತದೆ, ಎಲ್ಲಾ ಅಲ್ಲೇ ತಿಳಿಯುತ್ತದೆ. ಆ ಮೇಲೆ ಬೇಕೆನಿಸಿದ್ದನ್ನು ಮಾತ್ರ ಕೊಳ್ಳಿ. ಹತ್ತುವ ಮೊದಲು ಕೊಂಡದ್ದರಲ್ಲಿ ಅರ್ಧ ಕಪಾಟು ಸೇರುತ್ತದೆ.

ಎರಡನೆಯ ಸಲ ಕಳಸೂಬಾಯಿ. ಘೋಟಿಯಿಂದ ಭಂಡಾರದರಾ ದಾರಿ ಹಿಡಿದು ಬಾರಿ ಎಂಬ ಹಳ್ಳಿಯಲ್ಲಿ ಇಳಿಯಬೇಕು. ಇಗತಪುರಿ ಮತ್ತು ಅಕೋಲೆ ತಾಲ್ಲೂಕುಗಳ ಗಡಿಯಲ್ಲಿರುವ ಈ ಶಿಖರದ ಕಡಿದಾದ ಜಾಗಗಳಲ್ಲಿ ಕಬ್ಬಿಣದ ಏಣಿಗಳನ್ನು ಹಾಕಿದ್ದಾರೆ. ಮೇಲೆ ದೇವಿಯ ಪುಟ್ಟ ಗುಡಿ. ಕಳಸೂ ಎಂಬ ಕೋಳಿ ಸಮುದಾಯದ ಹುಡುಗಿ ಒಂದು ಮನೆಯಲ್ಲಿ ಕೆಲಸಕ್ಕೆ ಸೇರುವಾಗ ‘ಕಸ ಗುಡಿಸು, ಪಾತ್ರೆ ತಿಕ್ಕು ಅನ್ನಬಾರದು’ ಎಂದು ಮಾತು ತೆಗೆದುಕೊಂಡಿದ್ದಳಂತೆ. ಒಂದು ದಿನ ಆ ಮನೆಯವರು ಮಾತು ಮರೆತು ಹೇಳಿಯೇಬಿಟ್ಟರು. ಅವಳು ಬೆಟ್ಟ ಹತ್ತಿ ಹೋದವಳು ಮರಳಿ ಇಳಿಯಲೇ ಇಲ್ಲ. ಮೂವತ್ತು ವರ್ಷ ಪಾತ್ರೆ ತಿಕ್ಕಿದ ನನಗೆ ಈ ದೇವಿಯ ಮೇಲೆ ವಿಶೇಷ ಭಕ್ತಿ! ನವರಾತ್ರಿಯ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಹೆಂಗಸರು ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲೂ ಹತ್ತುತ್ತಾರೆ. ಅವರನ್ನು ಅನುಕರಿಸಬೇಡಿ, ಅವರ ಪಾದ ಹುಟ್ಟಿನಿಂದ ಪಳಗಿದ್ದು. ಆದರೆ ಬೆಟ್ಟ ಯಾರ ಬೂಟಿನ ಚೀಟಿಯನ್ನೂ ಕೇಳುವುದಿಲ್ಲ ಎಂಬುದನ್ನು ಅವರಿಂದ ಕಲಿಯಿರಿ.

ಆಲಂಗ, ಮದನ, ಕುಲಂಗ ಎಂಬ ಮೂರು ಕೋಟೆಗಳು ಇಲ್ಲೇ ಕಾಣುತ್ತವೆ. ಅಲ್ಲಿ ಹಗ್ಗ ಬೇಕಾಗುವ ಬಂಡೆಗಳಿವೆ. ಪಳಗಿದವರ ತಂಡದ ಹೊರತು ಅತ್ತ ತಲೆ ಹಾಕಬೇಡಿ. ಹಗ್ಗ, ಹೆಲ್ಮೆಟ್, ಸೊಂಟದ ಪಟ್ಟಿಗಳನ್ನು ಅಗ್ಗವೆಂದು ಎರಡನೆಯ ಕೈಯಿಂದ ಎಂದೂ ಕೊಳ್ಳಬೇಡಿ. ಅವು ಎಷ್ಟು ಸಲ ಬಿದ್ದವರನ್ನು ಹಿಡಿದಿವೆ ಎಂದು ಕಣ್ಣಿಗೆ ಕಾಣುವುದಿಲ್ಲ. ಮಳೆ ಜೋರಾದ ವಾರಗಳಲ್ಲಿ ಜಲಪಾತ, ಕೋಟೆಗಳಿಗೆ ಆಡಳಿತದವರು ನಿರ್ಬಂಧ ಹಾಕುವುದೂ ಉಂಟು. ವಿಚಾರಿಸಿಕೊಂಡೇ ಹೊರಡಿ.

ಹಿಮದ ಕನಸು ಕಾಣುವವರಿಗೆ

ನಿಮ್ಮಲ್ಲಿ ಕೆಲವರಿಗೆ ಗುಲ್ಮಾರ್ಗದ ಹಿಮದ ಮೇಲೆ ಜಾರುವ ಆಸೆ. ಯಂತ್ರದ ತೊಟ್ಟಿಲಿಲ್ಲದೆ, ಸ್ಕೀ ಪಟ್ಟಿಯ ಅಡಿಗೆ ರೋಮದ ಪಟ್ಟಿ ಅಂಟಿಸಿ, ಹಿಮ್ಮಡಿ ಬಿಡಿಯಾಗಿಟ್ಟು ಬೆಟ್ಟ ಏರುವುದು, ಮೇಲೆ ಪಟ್ಟಿ ಕಿತ್ತು ಹಿಮ್ಮಡಿ ಬಿಗಿದು ಜಾರಿ ಇಳಿಯುವುದು, ಇದಕ್ಕೆ ಸ್ಕೀ ಟೂರಿಂಗ್ ಎನ್ನುತ್ತಾರೆ. ಆ ಪಟ್ಟಿಯನ್ನು ಹಿಂದೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು, ಈಗ ಮೇಕೆಯ ಮೊಹೇರ್ ಕೂದಲು ಇಲ್ಲವೆ ನೈಲಾನ್. ಸಾಮಾನು ದುಬಾರಿ, ಆದರೆ ಸೂತ್ರ ಇಗತಪುರಿಯದ್ದೇ. ಕಾಲಿಗೆ ಸರಿಹೊಂದುವ ಬೂಟಿಗೆ ಮೊದಲ ಹಣ, ಸ್ಕೀಯನ್ನು ಬಾಡಿಗೆಗೆ ತನ್ನಿ. ಹಿಮಪಾತದಲ್ಲಿ ಹೂತವರನ್ನು ಹುಡುಕುವ ಸಂಕೇತಯಂತ್ರ, ಉದ್ದದ ಸಲಾಕೆ, ಸಲಿಕೆ, ಈ ಮೂರರಲ್ಲಿ ಉಳಿತಾಯ ಕೂಡದು. ಇನ್ನೂ ಒಳ್ಳೆಯ ದಾರಿಯೆಂದರೆ ಸರಕಾರಿ ತರಬೇತಿ. ಡಾರ್ಜಿಲಿಂಗಿನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಪರ್ವತಾರೋಹಣ ಸಂಸ್ಥೆಗಳಿವೆ, ಮನಾಲಿ ಗುಲ್ಮಾರ್ಗಗಳಲ್ಲೂ ಇವೆ. ಕಲಿಯುವಾಗ ಮುಖ್ಯ ಸಲಕರಣೆಗಳನ್ನು ಸಂಸ್ಥೆಯೇ ಕೊಡುತ್ತದೆ. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ. ಹಿಮವೇ ಬೀಳದ ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ ಸ್ಕೀಯಿಂಗ್‌ನಲ್ಲಿ ದೇಶವನ್ನೇ ಪ್ರತಿನಿಧಿಸಿದ್ದಾರೆ.

ಸಂಘಕ್ಕೆ ಒಂದು ಟ್ರಂಕು

ಕೊನೆಯದಾಗಿ ಒಂದು ಸಲಹೆ. ಇಗತಪುರಿಯ ರೈಲ್ವೆಯನ್ನೇ ನೋಡಿ. ಕಸಾರಾದಿಂದ ಇಗತಪುರಿಗೆ ಏರುವ ಥಳ ಘಾಟಿನ ದಾರಿ 1865ರ ಜನವರಿ 1ರಂದು ತೆರೆಯಿತು. ಏರು ಎಷ್ಟು ಕಡಿದೆಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ರೈಲಿಗೆ ಇದು ಭಾರಿ ಚಡಾವು. ಅದಕ್ಕೆ ಕಸಾರಾದಲ್ಲಿ ಹಿಂದಿನಿಂದ ತಳ್ಳುವ ‘ಬ್ಯಾಂಕರ್’ ಇಂಜಿನುಗಳನ್ನು ಜೋಡಿಸುತ್ತಾರೆ, ಇಗತಪುರಿಯಲ್ಲಿ ಬಿಚ್ಚುತ್ತಾರೆ. ಬಿಚ್ಚಿದ ಇಂಜಿನು ಮುಂದಿನ ರೈಲಿಗೆ ಬರುತ್ತದೆ. ಪ್ರತಿ ರೈಲೂ ಸ್ವಂತ ತಳ್ಳುಗ ಇಂಜಿನನ್ನು ಕೊಂಡು ತಿರುಗಬೇಕಾಗಿಲ್ಲ. ನೆರವು ಪಡೆದೆನೆಂದು ಯಾವ ರೈಲೂ ನಾಚುವುದಿಲ್ಲ.

ನಮ್ಮ ಸಂಘದ ಕೋಣೆಯಲ್ಲಿ ಗಣೇಶೋತ್ಸವದ ದೊಡ್ಡ ಪಾತ್ರೆಗಳಿವೆ. ಯಾರ ಮನೆಯ ಮುಂಜಿಗೂ ಕೊಡುತ್ತೇವೆ, ತೊಳೆದು ತಂದಿಡುತ್ತಾರೆ. ಅದರ ಪಕ್ಕದಲ್ಲೇ ಒಂದು ಟ್ರಂಕು ಇಡೋಣ. ನಿಮಗೆ ಚಿಕ್ಕದಾದ ಬೂಟು, ಬಳಸದ ರೇನ್‌ಕೋಟು, ಹೆಚ್ಚಿನ ಟಾರ್ಚು ಅದರಲ್ಲಿರಲಿ. ಬೂಟಿನ ಮೇಲೆ ಅಳತೆ ಬರೆದ ಚೀಟಿ, ಒಂದು ನೋಟು ಪುಸ್ತಕ, ಮರಳಿಸುವಾಗ ತೊಳೆದು ಒಣಗಿಸಿ ತರುವ ನಿಯಮ. ಇಷ್ಟೇ ಸಾಕು. ಮೊದಲಿಗೆ ನನ್ನ ಮಗನ ಎಂಟನೆಯ ಅಳತೆಯ ಬೂಟು ಕೊಡುತ್ತೇನೆ, ಅಟ್ಟೆ ಒತ್ತಿ ನೋಡಿಯೇ ಕೊಡುತ್ತಿದ್ದೇನೆ. ಚಾರಣದ ಪಟ್ಟಿ ಬರೆಯುವವರಿಗೂ ಒಂದು ಮಾತು. ಪಟ್ಟಿಯ ಮೊದಲ ಸಾಲಿನಲ್ಲೇ ‘ಇಲ್ಲದಿದ್ದರೆ ಟ್ರಂಕಿನಲ್ಲಿದೆ’ ಎಂದು ಬರೆಯಿರಿ. ಕೇಳುವ ಕಷ್ಟ ಯಾರಿಗೂ ಬರಬಾರದು.

ಧಾರವಾಡದಲ್ಲಿ ಬಿ.ಎ. ಓದುವಾಗ ಕವಿ ವರ್ಡ್ಸ್‌ವರ್ತ್ ಬಗ್ಗೆ ಒಂದು ವಿಷಯ ಕೇಳಿದ್ದೆ. ಆತ ತನ್ನ ಜೀವಮಾನದಲ್ಲಿ ಒಂದು ಲಕ್ಷದ ಎಪ್ಪತ್ತೈದು ಸಾವಿರ ಮೈಲಿಯಾದರೂ ನಡೆದಿರಬೇಕು ಎಂದು ಅವನ ಪರಿಚಿತ ಲೇಖಕ ಡಿ ಕ್ವಿನ್ಸಿ ಲೆಕ್ಕ ಹಾಕಿದ್ದ. ನೀರು ಒಳಬಾರದ ಜಾಕೀಟು ಅವನಲ್ಲಿ ಇರಲಿಲ್ಲ, ನಡೆಯುವ ಮನಸ್ಸಿತ್ತು. ನಿಮ್ಮಲ್ಲೂ ಅದಿದೆ. ಬರುವ ಮಳೆಗಾಲದಲ್ಲಿ ಹೆಸರು ಕೊಡುವಾಗ ಯಾರೂ ಸುಳ್ಳು ಜ್ವರ ಹೇಳುವಂತಾಗದಿರಲಿ. ಹತ್ತಿ ಬನ್ನಿ, ಸುಖವಾಗಿ ಇಳಿದು ಬನ್ನಿ. ಕೆಸರಿನ ಬೂಟನ್ನು ಮಾತ್ರ ಬಾಗಿಲ ಹೊರಗೇ ಬಿಡಿ!